ವಾರ್ಡಿನ ಮಕ್ಕಳ ರಕ್ಷಣಾ ಸಮಿತಿಯನ್ನು ನಡೆಸುವ ಬಗೆ: ಬೆಂಗಳೂರಿನ ಬಡಾವಣೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಲ್ಲಿ ಮಕ್ಕಳ ಕೆಲಸಕ್ಕೆ ಹೊಸದಾಗಿ ಬರುವವರು ಮೊದಲು ಎಡವುವುದು ಹೆಸರುಗಳಲ್ಲಿ. ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ, ಮಕ್ಕಳ ಕಲ್ಯಾಣ ಸಮಿತಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ವಾರ್ಡ್ ಮಟ್ಟದ ಮಕ್ಕಳ ರಕ್ಷಣಾ ಸಮಿತಿ ಎಂಬ ನಾಲ್ಕೂ ಹೆಸರುಗಳು ಕಿವಿಗೆ ಹೆಚ್ಚುಕಡಿಮೆ ಒಂದೇ ಆಗಿ ಕೇಳಿಸುತ್ತವೆ. ಆದರೆ ಒಂದಕ್ಕಿರುವ ಅಧಿಕಾರ ಇನ್ನೊಂದಕ್ಕಿಲ್ಲ. ಪಶ್ಚಿಮ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಗಳ ಮಗ್ಗುಲಿನ ಒಂದು ವಾರ್ಡಿನಲ್ಲಿ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದು, ನಿವೃತ್ತಿಯ ನಂತರ ಇಂಥದೊಂದು ಸಮಿತಿಯ ಕಾರ್ಯದರ್ಶಿಯ ಕೆಲಸ ನೋಡಿಕೊಂಡ ನನ್ನ ಅನುಭವದಲ್ಲಿ, ಸಮಿತಿಗಳು ಕೆಡುವುದು ಹಣದ ಕೊರತೆಯಿಂದ ಅಲ್ಲ. ತಮಗಿಲ್ಲದ ಅಧಿಕಾರವನ್ನು ಚಲಾಯಿಸಲು ಹೋಗಿ, ತಮಗಿರುವ ಕೆಲಸವನ್ನು ಬರೆದಿಡದೆ ಅವು ಕೆಡುತ್ತವೆ. ಆದ್ದರಿಂದ ಈ ಬರಹ ಮಕ್ಕಳನ್ನು ಕುರಿತು ಎಷ್ಟಿದೆಯೋ, ಸಮಿತಿಯು ತನ್ನನ್ನು ತಾನು ಹೇಗೆ ಆಳಿಕೊಳ್ಳಬೇಕು ಎಂಬುದನ್ನು ಕುರಿತೂ ಅಷ್ಟೇ ಇದೆ.

ಮೊದಲ ಹೆಜ್ಜೆ: ಅಧಿಕಾರದ ಗಡಿಯನ್ನು ಗುರುತಿಸಿಕೊಳ್ಳುವುದು

ರಾಜ್ಯ ಆಯೋಗವು 2005ರ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಗಳ ಕಾಯ್ದೆಯಡಿ ಬಂದದ್ದು; ಕರ್ನಾಟಕದಲ್ಲಿ ಅದು 2009ರಲ್ಲಿ ಸ್ಥಾಪನೆಯಾಯಿತು. ಒಬ್ಬ ಅಧ್ಯಕ್ಷರು ಮತ್ತು ಆರು ಸದಸ್ಯರಿರುವ ಆ ಸಂಸ್ಥೆಗೆ ದೂರುಗಳ ವಿಚಾರಣೆಯಲ್ಲಿ ಸಿವಿಲ್ ನ್ಯಾಯಾಲಯದ ಕೆಲವು ಅಧಿಕಾರಗಳಿವೆ. ಮಕ್ಕಳ ಕಲ್ಯಾಣ ಸಮಿತಿಯು 2015ರ ಬಾಲನ್ಯಾಯ ಕಾಯ್ದೆಯಡಿ ರಚನೆಯಾಗುವ, ಅಧ್ಯಕ್ಷರೂ ಸೇರಿ ಐದು ಜನರ ಪೀಠ. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರ ಅದಕ್ಕಿದೆ. ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗು ಎಲ್ಲಿರಬೇಕು, ಯಾರೊಡನೆ ಇರಬೇಕು ಎಂದು ಆದೇಶಿಸುವವರು ಅವರೇ. ಜಿಲ್ಲಾ ಮಕ್ಕಳ ರಕ್ಷಣಾ ಘಟಕವು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕೈಕಾಲು ಇದ್ದಂತೆ. ಇವೆಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನಲ್ಲಿ, ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ 2022ರ ಮಾರ್ಗಸೂಚಿಗಳು ಹಳ್ಳಿಗೂ ನಗರದ ವಾರ್ಡಿಗೂ ಒಂದೊಂದು ಸಮಿತಿ ಇರಬೇಕೆನ್ನುತ್ತವೆ. ನಮ್ಮದು ಅದು.

ಈ ವಾರ್ಡ್ ಸಮಿತಿಗೆ ಯಾರನ್ನೂ ಕರೆಸಿ ವಿಚಾರಣೆ ಮಾಡುವ ಅಧಿಕಾರವಿಲ್ಲ. ಮಗುವನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಕಳುಹಿಸುವ, ದಂಡ ಹಾಕುವ, ರಾಜಿ ಮಾಡಿಸುವ ಅಧಿಕಾರವೂ ಇಲ್ಲ. ಊರ ಪಂಚಾಯಿತಿಯ ಕಟ್ಟೆಯ ನೆನಪು ನಮ್ಮೆಲ್ಲರ ರಕ್ತದಲ್ಲಿ ಇರುವುದರಿಂದ, ನಾಲ್ಕು ಜನ ಹಿರಿಯರು ಒಂದು ಮೇಜಿನ ಸುತ್ತ ಕೂತ ಕೂಡಲೇ ‘ಆಯ್ತು, ಇಬ್ಬರನ್ನೂ ಕರೆಸಿ ಕೇಳೋಣ’ ಎಂಬ ಮಾತು ಬಂದೇ ಬರುತ್ತದೆ. ಆ ಮಾತು ಬಂದಾಗ ತಡೆಯುವುದು ಕಾರ್ಯದರ್ಶಿಯ ಮೊದಲ ಕೆಲಸ. ಸಮಿತಿಗೆ ಇರುವ ಕೆಲಸ ಬೇರೆಯದು: ವಾರ್ಡಿನ ಮಕ್ಕಳ ಸ್ಥಿತಿಯನ್ನು ತಿಳಿದಿರುವುದು, ಅಪಾಯವನ್ನು ಬೇಗ ಗುರುತಿಸುವುದು, ಸರಿಯಾದ ಬಾಗಿಲಿಗೆ ತಲುಪಿಸುವುದು, ತಲುಪಿಸಿದ ಮೇಲೆ ಏನಾಯಿತೆಂದು ಮತ್ತೆ ಮತ್ತೆ ಕೇಳುವುದು.

ಎರಡನೆಯ ಹೆಜ್ಜೆ: ಸದಸ್ಯರು

ಸಮಿತಿಯನ್ನು ರಚಿಸಿದ ಆದೇಶದಲ್ಲಿ ಯಾರ್ಯಾರು ಪದನಿಮಿತ್ತ (ಹುದ್ದೆಯ ಕಾರಣಕ್ಕೇ ಸೇರುವ) ಸದಸ್ಯರೆಂದು ಬರೆದಿರುತ್ತದೆ. ಅದರ ಪ್ರತಿಯೊಂದನ್ನು ಪಡೆದು ನಡಾವಳಿ ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿಬಿಡಿ. ಬೆಂಗಳೂರಿನಲ್ಲಿ ಈ ಮಾತಿಗೆ ವಿಶೇಷ ಕಾರಣವಿದೆ. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೌನ್ಸಿಲ್‌ನ ಅವಧಿ ಮುಗಿದ ನಂತರ ವರ್ಷಗಟ್ಟಲೆ ಕಾರ್ಪೊರೇಟರ್‌ಗಳೇ ಇರಲಿಲ್ಲ. 2025ರಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಗೆ ಬಂದು ಪಾಲಿಕೆ ಐದು ಹೋಳಾಯಿತು, ವಾರ್ಡುಗಳ ಗಡಿಗಳೂ ಬದಲಾದವು. ಚುನಾಯಿತ ಪ್ರತಿನಿಧಿಯನ್ನೇ ನಂಬಿ ಕೂತ ಸಮಿತಿ ಇಂಥ ಕಾಲದಲ್ಲಿ ಸಭೆಯನ್ನೇ ಸೇರಲಾರದು. ಆದ್ದರಿಂದ ಅಧ್ಯಕ್ಷರು ಯಾರೇ ಆಗಿರಲಿ, ಸಭೆ ಕರೆಯುವ ಜವಾಬ್ದಾರಿ ವಾರ್ಡಿನಲ್ಲೇ ವಾಸವಿರುವ ಒಬ್ಬ ಕಾರ್ಯದರ್ಶಿಯ ಮೇಲಿರಲಿ ಎಂಬುದು ನನ್ನ ಸಲಹೆ.

ಪದನಿಮಿತ್ತ ಸದಸ್ಯರನ್ನು ಬಿಟ್ಟು ಉಳಿದ ಸ್ಥಾನಗಳಿಗೆ ಆರಿಸುವಾಗ ಹೆಸರಾಂತರನ್ನು ಹುಡುಕಬೇಡಿ. ಅಂಗನವಾಡಿ ಕಾರ್ಯಕರ್ತೆಗೆ ಯಾವ ಮನೆಯಲ್ಲಿ ಯಾವ ಮಗು ತೂಕ ಇಳಿದಿದೆ ಎಂಬುದು ಗೊತ್ತು. ಆಶಾ ಕಾರ್ಯಕರ್ತೆಗೆ ಯಾವ ಹದಿನಾರರ ಹುಡುಗಿಗೆ ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡ್ ಬೇಕಾಗಿ ಬಂದಿದೆ ಎಂಬುದು ಗೊತ್ತು. ಪೌರಕಾರ್ಮಿಕರಿಗೆ ಬೆಳಗಿನ ಜಾವ ಯಾವ ಮಕ್ಕಳು ಚಿಂದಿ ಆಯುತ್ತವೆ ಎಂಬುದು ಗೊತ್ತು. ಶಾಲೆಯ ಎಸ್‌ಡಿಎಂಸಿಯಿಂದ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಿಂದ) ಒಬ್ಬರು, ಸಾಧ್ಯವಾದರೆ ತಾಯಿಯೊಬ್ಬರು, ಇರಲಿ. ಉರ್ದು, ತಮಿಳು, ತೆಲುಗು, ಹಿಂದಿ ಮಾತನಾಡುವ ಮನೆಗಳು ಇರುವ ವಾರ್ಡಿನಲ್ಲಿ ಆ ಭಾಷೆ ಬಲ್ಲ ಒಬ್ಬರಾದರೂ ಇಲ್ಲದಿದ್ದರೆ ಅರ್ಧ ವಾರ್ಡಿನ ಮಾತಿಗೆ ಸಮಿತಿ ಕಿವುಡಾಗಿರುತ್ತದೆ. ಅಪಾರ್ಟ್‌ಮೆಂಟ್ ಸಂಘದಿಂದಲೂ ಒಬ್ಬರನ್ನು ಕರೆಯಿರಿ. ಮನೆಗೆಲಸಕ್ಕೆ ಇಟ್ಟುಕೊಂಡ ಮಕ್ಕಳ ಸುದ್ದಿ ಗೇಟಿನ ಆಚೆಗೆ ಬರುವುದೇ ಅಪರೂಪ. ಬರುವುದಾದರೆ ಒಳಗಿನವರಿಂದಲೇ ಬರಬೇಕು.

ಇಬ್ಬರು ಮಕ್ಕಳು, ಒಬ್ಬ ಹುಡುಗ ಮತ್ತು ಒಬ್ಬ ಹುಡುಗಿ, ಸಭೆಗೆ ಬರುವಂತಿರಲಿ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ 2006ರಿಂದ ಮಕ್ಕಳ ಗ್ರಾಮಸಭೆ ನಡೆಸುವ ಪದ್ಧತಿಯಿದೆ. ನಗರದಲ್ಲಿ ಮಕ್ಕಳ ಮಾತಿಗೆ ಅಂಥದೊಂದು ಕಟ್ಟೆ ಇಲ್ಲದಿರುವುದು ನಮ್ಮ ಕೊರತೆ. ಆದರೆ ಮಕ್ಕಳ ಪ್ರತಿನಿಧಿಗಳು ಕೂರಬೇಕಾದದ್ದು ಸಭೆಯ ಮೊದಲ ಭಾಗದಲ್ಲಿ ಮಾತ್ರ. ಬೀದಿದೀಪ, ಶೌಚಾಲಯದ ಚಿಲಕ, ಶಾಲೆಯ ದಾರಿಯಲ್ಲಿರುವ ಬಾರ್ ಮುಂತಾದ ವಿಷಯಗಳಲ್ಲಿ ಅವರು ನಮಗಿಂತ ಖಚಿತವಾಗಿ ಮಾತನಾಡುತ್ತಾರೆ. ಒಂದೊಂದು ಮಗುವಿನ ಪ್ರಕರಣದ ಚರ್ಚೆ ಶುರುವಾಗುವ ಮುನ್ನ ಅವರನ್ನು ಮನೆಗೆ ಕಳುಹಿಸಿ.

ಇಲ್ಲಿ ಒಂದು ನಿಯಮವನ್ನು ಮೊದಲ ಸಭೆಯಲ್ಲೇ ಬರಹದಲ್ಲಿ ಒಪ್ಪಿಕೊಳ್ಳಬೇಕು. ಚರ್ಚೆಗೆ ಬಂದ ಮಗುವಿನ ಮನೆಯವರೊಂದಿಗೆ ನೆಂಟಸ್ತಿಕೆ, ಬಾಡಿಗೆ, ಸಾಲ ಅಥವಾ ಕೆಲಸದ ಸಂಬಂಧವಿರುವ ಸದಸ್ಯರು ಅದನ್ನು ತಾವಾಗಿ ತಿಳಿಸಿ ಹೊರಗೆ ಹೋಗಬೇಕು. ವಠಾರದ ಮಾಲೀಕರು, ಗುತ್ತಿಗೆದಾರರು ಸದಸ್ಯರಾಗಿರುವ ಕಡೆ ಇದು ಬಾಯಿಮಾತಿನಲ್ಲಿ ನಿಲ್ಲುವುದಿಲ್ಲ. ಬಾಡಿಗೆದಾರನ ಮಗು ಶಾಲೆ ಬಿಟ್ಟಿದೆ ಎಂದು ಹೇಳಲು ಹೊರಟವರು, ಮಗುವಿನ ಅಪ್ಪ ಮಾಲೀಕರದೇ ಕಟ್ಟಡದ ಕೆಲಸದಲ್ಲಿದ್ದಾನೆ ಎಂಬ ಕಾರಣಕ್ಕೆ ಬಾಯಿ ಮುಚ್ಚಿಕೊಂಡದ್ದನ್ನು ನಾನು ಕಂಡಿದ್ದೇನೆ.

ಮೂರನೆಯ ಹೆಜ್ಜೆ: ಸಭೆಯ ಹೊತ್ತು, ಕೋರಂ, ಹಾಜರಿ

ಸಭೆಯ ಸಮಯ ಗೊತ್ತುಪಡಿಸುವುದು ಸಣ್ಣ ವಿಷಯವೆಂದು ತಿಳಿದರೆ ಮೂರನೆಯ ತಿಂಗಳಿಗೆ ಸಮಿತಿ ಸತ್ತಿರುತ್ತದೆ. ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರಿಗೆ ವಾರದ ಆರು ದಿನ ಬಿಡುವಿಲ್ಲ, ಅವರಿಗಿರುವುದು ಭಾನುವಾರ ಒಂದೇ. ಅಧಿಕಾರಿಗಳು ಭಾನುವಾರ ಬರುವುದಿಲ್ಲ. ಎರಡನ್ನೂ ಒಂದೇ ಸಭೆಯಲ್ಲಿ ಹೊಂದಿಸಲು ನಾವು ಒಂದು ವರ್ಷ ಒದ್ದಾಡಿ ಕಡೆಗೆ ಸಭೆಯನ್ನೇ ಎರಡಾಗಿ ಒಡೆದೆವು. ಪ್ರತಿ ತಿಂಗಳ ಮೊದಲ ಭಾನುವಾರ ಸ್ಥಳೀಯ ಸದಸ್ಯರ ಸಭೆ. ಮೂರು ತಿಂಗಳಿಗೊಮ್ಮೆ ಕೆಲಸದ ದಿನದ ಮಧ್ಯಾಹ್ನ ಅಧಿಕಾರಿಗಳ ಜೊತೆ ಸಭೆ. ಎರಡನೆಯದಕ್ಕೆ ಹಿಂದಿನ ಮೂರು ಭಾನುವಾರದ ಸಭೆಗಳ ಬಾಕಿ ಪಟ್ಟಿಯೇ ಕಾರ್ಯಸೂಚಿ.

ಸಮಿತಿಗೆ ತನ್ನದೇ ನಿಯಮಗಳು ಬೇಕಾದಾಗ ಕಾನೂನಿನಿಂದಲೇ ಅಳತೆ ತೆಗೆದುಕೊಳ್ಳಬಹುದು. ಮಕ್ಕಳ ಕಲ್ಯಾಣ ಸಮಿತಿಯ ಐವರಲ್ಲಿ ಅಂತಿಮ ತೀರ್ಮಾನದ ಹೊತ್ತಿಗೆ ಕನಿಷ್ಠ ಮೂವರು ಹಾಜರಿರಬೇಕು. ಸಕಾರಣವಿಲ್ಲದೆ ಸತತ ಮೂರು ತಿಂಗಳು ಗೈರಾದ ಅಥವಾ ವರ್ಷದಲ್ಲಿ ಕನಿಷ್ಠ ಮುಕ್ಕಾಲು ಪಾಲು ಕಲಾಪಗಳಿಗಾದರೂ ಹಾಜರಾಗದ ಸದಸ್ಯರನ್ನು ತೆಗೆಯಲು ಅವಕಾಶವಿದೆ. ಸದಸ್ಯತ್ವದ ಅವಧಿ ಮೂರು ವರ್ಷ ಮೀರುವಂತಿಲ್ಲ. ಈ ಮೂರನ್ನೂ ನಾವು ನಮ್ಮ ಮಟ್ಟಕ್ಕೆ ಇಳಿಸಿ ಒಪ್ಪಿಕೊಂಡೆವು: ಅರ್ಧಕ್ಕಿಂತ ಹೆಚ್ಚು ಜನ ಇಲ್ಲದೆ ನಿರ್ಣಯವಿಲ್ಲ, ಮೂರು ಸಭೆ ತಪ್ಪಿಸಿದ ನಾಮನಿರ್ದೇಶಿತ ಸದಸ್ಯರ ಜಾಗಕ್ಕೆ ಬೇರೆಯವರ ಹೆಸರು ಶಿಫಾರಸು, ಮೂರು ವರ್ಷಕ್ಕೆ ಹೊಸಬರು. ತುರ್ತು ಪ್ರಕರಣಕ್ಕೆ ಮಾತ್ರ ಸಭೆಯನ್ನಾಗಲಿ ಕೋರಂ ಅನ್ನಾಗಲಿ ಕಾಯುವುದು ಬೇಡ.

ನಡಾವಳಿಯನ್ನು ಬರೆಯುವಾಗ ‘ಚರ್ಚಿಸಲಾಯಿತು, ಸೂಕ್ತ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು’ ಎಂಬ ವಾಕ್ಯವನ್ನು ನಿಷೇಧಿಸಿ. ಸರ್ಕಾರಿ ಕನ್ನಡದ ಈ ಸವಕಲು ಸಾಲಿನ ಹಿಂದೆ ಎಷ್ಟು ಮಕ್ಕಳು ಕಣ್ಮರೆಯಾಗಿವೆಯೋ! ಪ್ರತಿ ನಿರ್ಣಯದ ಎದುರು ಒಬ್ಬರ ಹೆಸರು, ಒಂದು ತಾರೀಕು, ಮತ್ತು ಮುಂದಿನ ಸಭೆಯಲ್ಲಿ ತುಂಬಲು ಖಾಲಿ ಬಿಟ್ಟ ಒಂದು ಅಂಕಣ ಇರಬೇಕು. ಸಭೆ ಶುರುವಾಗಬೇಕಾದದ್ದು ಆ ಖಾಲಿ ಅಂಕಣದಿಂದ. ಪ್ರಾರ್ಥನೆ, ಸ್ವಾಗತ, ಹಾರ ಇದ್ದರೆ ಆಮೇಲೆ ಇರಲಿ.

ನಾಲ್ಕನೆಯ ಹೆಜ್ಜೆ: ವಾರ್ಡನ್ನು ನಡೆದು ನೋಡುವುದು

ಅಂಗನವಾಡಿಯ ದಾಖಲೆ, ಶಾಲೆಗಳ ದಾಖಲಾತಿ ಪುಸ್ತಕ ಇವೆರಡನ್ನು ಹೋಲಿಸಿದರೆ ಮನೆಯಲ್ಲಿದ್ದು ಶಾಲೆಯಲ್ಲಿಲ್ಲದ ಮಕ್ಕಳ ಒಂದು ಪಟ್ಟಿ ತಾನೇ ಸಿಗುತ್ತದೆ. ಆದರೆ ಬೆಂಗಳೂರಿನ ನಿಜವಾದ ಕಷ್ಟ ಈ ಎರಡರಲ್ಲೂ ಇಲ್ಲದ ಮಕ್ಕಳದು. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ತಗಡಿನ ಶೆಡ್ಡುಗಳು ಇಂದು ಇಲ್ಲಿದ್ದು ಆರು ತಿಂಗಳಿಗೆ ಮತ್ತೊಂದು ಬಡಾವಣೆಯಲ್ಲಿರುತ್ತವೆ. ಅಲ್ಲಿ ಹತ್ತು ವರ್ಷದ ಹುಡುಗಿ ಎರಡು ವರ್ಷದ ತಮ್ಮನನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತಿದ್ದರೆ ಅವಳು ‘ಶಾಲೆ ಬಿಟ್ಟವಳು’ ಅಲ್ಲ, ಆ ಮನೆಯ ಶಿಶುವಿಹಾರವೇ ಅವಳು. ತಮ್ಮನಿಗೆ ಅಂಗನವಾಡಿಯಲ್ಲಿ ಜಾಗ ಮಾಡದೆ ಅಕ್ಕನನ್ನು ಶಾಲೆಗೆ ಸೇರಿಸಲು ಹೋದವರೆಲ್ಲ ಒಂದು ವಾರಕ್ಕೆ ಸೋತಿದ್ದಾರೆ. ಎರಡೂ ದಾಖಲಾತಿ ಒಂದೇ ದಿನ ಆಗಬೇಕು. ಶೆಡ್ಡಿನ ತಾಯಿಯೊಬ್ಬಳು ನನಗೆ ನೇರವಾಗಿಯೇ ಕೇಳಿದ್ದಳು: “ಟೀಚರ್ರಿ, ಈಕಿ ಸಾಲಿಗಿ ಹೋದ್ರ ಕೂಸಿನ್ನ ಯಾರು ನೋಡ್ತಾರ್ರಿ?”

ಶಾಲೆಯಲ್ಲಿ ಟಿಸಿ ಇಲ್ಲ, ಜನನ ಪ್ರಮಾಣಪತ್ರ ಇಲ್ಲ, ಆಧಾರ್ ಇಲ್ಲ ಎಂದು ಹಿಂದಕ್ಕೆ ಕಳುಹಿಸಿದರೆ ಸಮಿತಿಯವರು ಜೊತೆಗೆ ಹೋಗಿ ಮೂರು ಮಾತು ಹೇಳಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದೂ ನಿರಾಕರಿಸುವಂತಿಲ್ಲ. ಆಧಾರ್ ಇಲ್ಲದ ಕಾರಣಕ್ಕೆ ಮಗುವಿನ ಸೌಲಭ್ಯ ತಪ್ಪಬಾರದೆಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್‌ನ ಆಧಾರ್ ತೀರ್ಪಿನಲ್ಲಿ ಹೇಳಿದೆ. ಶಿಕ್ಷಣ ಹಕ್ಕು ಕಾಯ್ದೆಯಂತೆಯೇ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ಹನ್ನೆರಡರ ಹುಡುಗನನ್ನು ಒಂದನೇ ತರಗತಿಯ ಮಣೆಯ ಮೇಲೆ ಕೂರಿಸಿದರೆ ಅವನು ಮರುದಿನವೇ ಓಡಿಹೋಗುತ್ತಾನೆ. ಮುಖ್ಯೋಪಾಧ್ಯಾಯರು ಒಪ್ಪದಿದ್ದರೆ ಜಗಳ ಬೇಡ, ಕ್ಷೇತ್ರ ಶಿಕ್ಷಣಾಧಿಕಾರಿಗೆ ಅಂದೇ ಪತ್ರ ಕೊಡಿ.

ವರ್ಷಕ್ಕೆ ಎರಡು ಸಲವಾದರೂ ಇಡೀ ಸಮಿತಿ ಒಂದು ಸಂಜೆ ವಾರ್ಡನ್ನು ಕಾಲುನಡಿಗೆಯಲ್ಲಿ ಸುತ್ತಲಿ. ಕಾಗದದ ಮೇಲೆ ಕಾಣದ್ದು ಕತ್ತಲಾಗುವ ಹೊತ್ತಿಗೆ ಕಾಣುತ್ತದೆ.

ಐದನೆಯ ಹೆಜ್ಜೆ: ಒಂದು ಮಗುವಿನ ಸುದ್ದಿ ಬಂದಾಗ

ಸುದ್ದಿ ತಂದವರ ಮಾತನ್ನು ಪೂರ್ತಿ ಕೇಳಿ, ಮಗು ಈ ಕ್ಷಣ ಅಪಾಯದಲ್ಲಿದೆಯೇ ಎಂಬ ಒಂದೇ ಪ್ರಶ್ನೆಯನ್ನು ಮೊದಲು ತೀರ್ಮಾನಿಸಿಕೊಳ್ಳಿ. ಹೌದಾದರೆ ಮಕ್ಕಳ ಸಹಾಯವಾಣಿ 1098 ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ. ಅಧ್ಯಕ್ಷರ ಅನುಮತಿ ಬೇಕಿಲ್ಲ. ಕಳೆದುಹೋದ, ಮನೆಯವರು ತೊರೆದುಬಿಟ್ಟ, ಯಾರ ಆಸರೆಯೂ ಇಲ್ಲದ ಮಗು ಕೈಗೆ ಸಿಕ್ಕರೆ, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಸಹಾಯವಾಣಿಗೋ ಪೊಲೀಸರಿಗೋ ಮಕ್ಕಳ ಕಲ್ಯಾಣ ಸಮಿತಿಗೋ ಜಿಲ್ಲಾ ಘಟಕಕ್ಕೋ ತಿಳಿಸಲೇಬೇಕು. ‘ಪಾಪ, ನಾಲ್ಕು ದಿನ ನಮ್ಮ ಮನೆಯಲ್ಲಿರಲಿ’ ಎಂಬ ಕರುಣೆಗೆ ಕಾನೂನಿನಲ್ಲಿ ಜಾಗವಿಲ್ಲ. ಮೆಜೆಸ್ಟಿಕ್‌ನಲ್ಲೋ ಯಶವಂತಪುರದಲ್ಲೋ ರೈಲಿಳಿದು ಅಲೆಯುತ್ತ ಬಂದ ಹುಡುಗರನ್ನು ಹೋಟೆಲಿನವರು ಕೆಲಸಕ್ಕೆ ಇಟ್ಟುಕೊಳ್ಳುವುದೂ ಇದೇ ಕರುಣೆಯ ಹೆಸರಿನಲ್ಲಿ.

ಲೈಂಗಿಕ ದೌರ್ಜನ್ಯದ ಶಂಕೆ ಇರುವಲ್ಲಿ ಸಮಿತಿಯ ಪಾತ್ರ ಅತ್ಯಂತ ಚಿಕ್ಕದು, ಮತ್ತು ಅದು ಚಿಕ್ಕದಾಗಿಯೇ ಇರಬೇಕು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವಿಷಯ ತಿಳಿದ ಯಾರೇ ಆದರೂ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ಇಲ್ಲವೇ ಸ್ಥಳೀಯ ಠಾಣೆಗೆ ತಿಳಿಸುವುದು ಕಡ್ಡಾಯ. ತಿಳಿಸದಿದ್ದರೆ ಆರು ತಿಂಗಳವರೆಗೆ ಸಜೆಯಾಗಬಹುದು. ಮಗುವನ್ನು ಸಮಿತಿಯ ಮುಂದೆ ಕೂರಿಸಿ ‘ಏನಾಯ್ತು ಹೇಳಮ್ಮ’ ಎಂದು ಕೇಳಬೇಡಿ. ಹಾಗೆ ಪದೇ ಪದೇ ಹೇಳಿಸಿದರೆ ಮಗುವಿಗೆ ನೋವು ಹೆಚ್ಚುವುದಲ್ಲದೆ, ಮುಂದೆ ನ್ಯಾಯಾಲಯದಲ್ಲಿ ‘ಇದು ಕಲಿಸಿಕೊಟ್ಟ ಮಾತು’ ಎಂದು ಎದುರಾಳಿ ವಕೀಲರು ಹೇಳಲು ದಾರಿಯಾಗುತ್ತದೆ. ಮಗು ತಾನಾಗಿ ಹೇಳಿದ್ದನ್ನು ಅದರದೇ ಮಾತುಗಳಲ್ಲಿ ಬರೆದಿಟ್ಟುಕೊಂಡರೆ ಸಾಕು. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ ಪಡೆಯಬೇಕು, ಪೊಲೀಸ್ ಅಧಿಕಾರಿ ಸಮವಸ್ತ್ರದಲ್ಲಿರಬಾರದು, ಸಾಧ್ಯವಾದಷ್ಟು ಮಹಿಳಾ ಅಧಿಕಾರಿಯೇ ಇರಬೇಕು ಎಂಬ ಹಕ್ಕುಗಳನ್ನು ತಾಯಿತಂದೆಗೆ ತಿಳಿಸುವುದು ಸಮಿತಿ ಮಾಡಬಹುದಾದ ದೊಡ್ಡ ಉಪಕಾರ. ಪ್ರತಿ ಠಾಣೆಯಲ್ಲೂ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕೆಂದು ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಅವರ ಹೆಸರು, ಫೋನು ನಿಮ್ಮ ಬಳಿ ಮೊದಲೇ ಇರಲಿ. ಆರೋಪಿ ಬಡಾವಣೆಯ ಪ್ರಮುಖನಾದಾಗ ‘ಹುಡುಗಿಯ ಮರ್ಯಾದೆ ಹೋಗುತ್ತದೆ, ಒಳಗೊಳಗೇ ಮುಗಿಸಿ’ ಎಂದು ಒತ್ತಡ ಬರುವುದು ಖಂಡಿತ. ಅಂಥ ಮಾತಿಗೆ ವಾದ ಬೇಡ; ಮುಗಿಸುವ ಅಧಿಕಾರವೇ ನಮಗಿಲ್ಲ ಎಂದರೆ ಸಾಕು. ಅಧಿಕಾರ ಇಲ್ಲದಿರುವುದೂ ಒಮ್ಮೊಮ್ಮೆ ಸಮಿತಿಗೆ ಆಸರೆಯೇ.

ಬಾಲ್ಯವಿವಾಹದ ವಿಷಯದಲ್ಲಿ ಬೆಂಗಳೂರಿನ ಸಮಿತಿಗಳು ಎಡವುವುದು ಒಂದೇ ಕಡೆ: ಮದುವೆ ಇಲ್ಲಿ ನಡೆಯುವುದಿಲ್ಲ. ಹುಡುಗಿ ಇಲ್ಲಿ ಒಂಬತ್ತನೇ ತರಗತಿಯಲ್ಲಿರುತ್ತಾಳೆ, ‘ಊರಿನಲ್ಲಿ ಜಾತ್ರೆ’ ಎಂದು ರಜೆ ಕೇಳುತ್ತಾರೆ, ಹದಿನೈದು ದಿನದ ಮೇಲೆ ತಾಳಿ ಕಟ್ಟಿಸಿಕೊಂಡು ಬರುತ್ತಾಳೆ, ಅಥವಾ ಬರುವುದೇ ಇಲ್ಲ. ಆದ್ದರಿಂದ ಅಕ್ಷಯ ತೃತೀಯದ ಮುಂಚಿನ ವಾರಗಳಲ್ಲಿ ಪ್ರೌಢಶಾಲೆಯ ದೀರ್ಘ ರಜೆಗಳನ್ನು ಗಮನಿಸಿ, ಶಂಕೆ ಬಂದರೆ ಮದುವೆ ನಡೆಯುವ ತಾಲೂಕಿನ ಹೆಸರು ಹೇಳಿ 1098ಕ್ಕೆ ತಿಳಿಸಬೇಕು. ಆ ಸಹಾಯವಾಣಿ ಜಿಲ್ಲೆಯ ಗಡಿಗೆ ನಿಲ್ಲುವಂಥದ್ದಲ್ಲ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಡಿ ಮ್ಯಾಜಿಸ್ಟ್ರೇಟರು ಮದುವೆಗೆ ತಡೆಯಾಜ್ಞೆ ಕೊಡಬಹುದು. ಕರ್ನಾಟಕದ ತಿದ್ದುಪಡಿಯಿಂದಾಗಿ 2017ರಿಂದ ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಮದುವೆ ಮಾಡಿಸಿದವರಿಗೆ, ಬಿಟ್ಟುಕೊಟ್ಟವರಿಗೆ ಎರಡು ವರ್ಷದವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಆದರೆ ತಡೆದ ಮದುವೆ ಮುಂದೂಡಿದ ಮದುವೆಯಷ್ಟೇ ಆಗದಿರಬೇಕಾದರೆ, ಹುಡುಗಿಗೆ ಹದಿನೆಂಟು ತುಂಬುವ ತನಕ ಅವಳ ಹೆಸರು ಬಾಕಿ ಪಟ್ಟಿಯಿಂದ ಅಳಿಯಬಾರದು.

ಹಸುಗೂಸಿನ ಪ್ರಕರಣಗಳು ಬೇರೆಯೇ ಬಗೆಯವು. ಗಂಡ ಬಿಟ್ಟುಹೋದ ತಾಯಿ ಮಗುವನ್ನು ಸಾಕಲಾರೆನೆಂದಾಗ, ಪಕ್ಕದ ಬೀದಿಯ ಮಕ್ಕಳಿಲ್ಲದ ದಂಪತಿ ನೆನಪಾಗುವುದು ಸಹಜ. ಎಲ್ಲರಿಗೂ ಒಳ್ಳೆಯದೇ ಆಯಿತಲ್ಲ ಎನಿಸುತ್ತದೆ. ಹಾಗೆ ಕೈಬದಲಾಯಿಸಿ ಕೊಡುವುದೂ ಪಡೆಯುವುದೂ ಬಾಲನ್ಯಾಯ ಕಾಯ್ದೆಯಡಿ ಮೂರು ವರ್ಷದವರೆಗೆ ಸಜೆಯಾಗಬಹುದಾದ ಅಪರಾಧ. ತಾಯಿ ಮಗುವನ್ನು ಒಪ್ಪಿಸಬೇಕಾದದ್ದು ಮಕ್ಕಳ ಕಲ್ಯಾಣ ಸಮಿತಿಗೆ, ಮತ್ತು ಮನಸ್ಸು ಬದಲಾಯಿಸಲು ಅವಳಿಗೆ ಎರಡು ತಿಂಗಳ ಕಾಲಾವಕಾಶವಿದೆ. ಈ ಎರಡು ತಿಂಗಳ ವಿಷಯವನ್ನು ತಾಯಿಗೆ ಯಾರೂ ಹೇಳಿರುವುದಿಲ್ಲ. ನೀವು ಹೇಳಿ.

ಕುಟುಂಬವನ್ನು ಉಳಿಸುವ ಕೆಲಸ

ಮಗುವನ್ನು ಬಾಲಮಂದಿರಕ್ಕೆ ಸೇರಿಸುವುದು ಕೊನೆಯ ದಾರಿ ಎಂಬುದು ಬಾಲನ್ಯಾಯ ಕಾಯ್ದೆಯ ಮೂಲತತ್ವಗಳಲ್ಲಿ ಒಂದು. ಸಮಿತಿಯ ಸದಸ್ಯರಿಗೆ ಮಾತ್ರ ಮೊದಲು ಹೊಳೆಯುವುದು ‘ಹಾಸ್ಟೆಲಿಗೆ ಸೇರಿಸಿಬಿಡೋಣ’ ಎಂಬುದೇ. ಅಪ್ಪ ಕುಡಿಯುತ್ತಾನೆ, ಅಮ್ಮ ಕೆಲಸಕ್ಕೆ ಹೋಗುತ್ತಾಳೆ ಎಂಬಷ್ಟಕ್ಕೇ ಮಗು ಮನೆ ಕಳೆದುಕೊಳ್ಳಬಾರದು. ಹೊಡೆತ ತಿನ್ನುವ ತಾಯಿಗೆ 181 ಮಹಿಳಾ ಸಹಾಯವಾಣಿ, ಸಾಂತ್ವನ ಕೇಂದ್ರ, ಸಂರಕ್ಷಣಾಧಿಕಾರಿ; ಮಹಿಳೆಯರಿಗೂ ಮಕ್ಕಳಿಗೂ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ; ಮನಸ್ಸು ಕುಸಿದವರಿಗೆ 14416ರ ಟೆಲಿ ಮಾನಸ್; ಮಕ್ಕಳ ಮಾನಸಿಕ ತೊಂದರೆಗಳಿಗೆ ನಿಮ್ಹಾನ್ಸ್‌ನ ಮಕ್ಕಳ ವಿಭಾಗ. ಇಷ್ಟೆಲ್ಲ ಬಾಗಿಲುಗಳು ಒಂದೇ ಊರಿನಲ್ಲಿರುವುದು ಬೆಂಗಳೂರಿನವರ ಪುಣ್ಯ. ಬಾಗಿಲಿನವರೆಗೆ ಜೊತೆಗೆ ಹೋಗುವವರಿಲ್ಲದಿರುವುದು ಇಲ್ಲಿಯ ಬಡತನ. ವಿಳಾಸ ಬರೆದುಕೊಟ್ಟರೆ ಆಗುವುದಿಲ್ಲ, ಮೊದಲ ಸಲವಾದರೂ ಒಬ್ಬ ಸದಸ್ಯರು ಜೊತೆಗೆ ಬಸ್ಸು ಹತ್ತಬೇಕು.

ಮಿಷನ್ ವಾತ್ಸಲ್ಯದಡಿ ಪ್ರಾಯೋಜಕತ್ವ ಎಂಬ ನೆರವಿದೆ: ವಿಧವೆ, ವಿಚ್ಛೇದಿತೆ ಅಥವಾ ಪರಿತ್ಯಕ್ತ ತಾಯಿಯ ಮಕ್ಕಳಿಗೆ, ನೆಂಟರ ಮನೆಯಲ್ಲಿರುವ ಅನಾಥರಿಗೆ, ಮಾರಕ ಕಾಯಿಲೆಗೆ ತುತ್ತಾದವರ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ. ಅರ್ಜಿ ಹೋಗುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ, ಮಂಜೂರು ಮಾಡುವುದು ಜಿಲ್ಲಾ ಮಟ್ಟದ ಅನುಮೋದನಾ ಸಮಿತಿ. ನಗರದಲ್ಲಿ ಕುಟುಂಬದ ಆದಾಯ ವರ್ಷಕ್ಕೆ 96,000 ರೂಪಾಯಿ ಮೀರಬಾರದು, ಅಂದರೆ ತಿಂಗಳಿಗೆ 8,000. ಗಾರ್ಮೆಂಟ್ಸ್‌ನಲ್ಲಿ ಪೂರ್ತಿ ಸಂಬಳ ಎಣಿಸುವ ಒಂಟಿ ತಾಯಿ ಈ ಗೆರೆಯನ್ನು ಸುಲಭವಾಗಿ ದಾಟಿಬಿಡುತ್ತಾಳೆ. ಬೆಂಗಳೂರಿನ ಬಾಡಿಗೆ ಕೊಟ್ಟ ಮೇಲೆ ಅವಳ ಕೈಯಲ್ಲಿ ಉಳಿಯುವುದನ್ನು ನೋಡಿದರೆ ಈ ಮಿತಿ ಯಾವ ಊರನ್ನು ಕಂಡು ಬರೆದದ್ದೋ ಎನಿಸುತ್ತದೆ. ಸುಳ್ಳು ಆದಾಯ ಪತ್ರಕ್ಕೆ ಸಮಿತಿ ಎಂದೂ ಕೈಹಾಕಬಾರದು. ಬದಲಿಗೆ ಉಳಿದೆಲ್ಲ ರೀತಿಯಲ್ಲಿ ಅರ್ಹರಾಗಿಯೂ ಆದಾಯದ ಮಿತಿ ಮೀರಿದ ಇಂಥವರ ಸಂಖ್ಯೆಯನ್ನು, ಹೆಸರಿಲ್ಲದೆ, ಪ್ರತಿ ವರ್ಷ ಜಿಲ್ಲಾ ಘಟಕಕ್ಕೂ ರಾಜ್ಯ ಆಯೋಗಕ್ಕೂ ಬರೆದು ಕಳುಹಿಸಬೇಕು. ನೀತಿ ಬದಲಾಗುವುದಿದ್ದರೆ ಇಂಥ ಲೆಕ್ಕಗಳಿಂದಲೇ.

ಗುಟ್ಟು ಕಾಯುವುದು

ನಮ್ಮ ಸಮಿತಿಯ ಮೊದಲ ವರ್ಷದಲ್ಲಿ ಒಬ್ಬ ಹುಡುಗಿಯ ವಿಷಯವನ್ನು ಸಮುದಾಯ ಭವನದಲ್ಲಿ ಹನ್ನೊಂದು ಜನರ ಎದುರು, ಹೆಸರು ಮತ್ತು ಮನೆಯ ಗುರುತು ಸಹಿತ ಓದಿದೆವು. ಮರುದಿನ ಬೆಳಿಗ್ಗೆ ಟೀ ಅಂಗಡಿಯಲ್ಲಿ ಅದೇ ಮಾತು. ಇಪ್ಪತ್ತು ದಿನದಲ್ಲಿ ಆ ಮನೆಯವರು ಅಡ್ವಾನ್ಸ್ ಹಣವನ್ನೂ ಪೂರ್ತಿ ವಾಪಸು ಪಡೆಯದೆ ಖಾಲಿ ಮಾಡಿಕೊಂಡು ಹೋದರು. ಹುಡುಗಿಯ ಟಿಸಿ ಕೇಳಿಕೊಂಡು ಯಾವ ಶಾಲೆಯವರೂ ಬರಲಿಲ್ಲ. ಓದಿದವಳು ನಾನೇ.

ಅಂದಿನಿಂದ ನಾವು ಎರಡು ಪುಸ್ತಕ ಇಟ್ಟೆವು. ನಡಾವಳಿ ಪುಸ್ತಕದಲ್ಲಿ ಪ್ರಕರಣಕ್ಕೆ ಒಂದು ಸಂಖ್ಯೆ ಮಾತ್ರ. ಹೆಸರು, ವಿಳಾಸ, ವಿವರ ಇರುವ ಪ್ರಕರಣ ಪುಸ್ತಕ ಬೀಗ ಹಾಕಿದ ಬೀರುವಿನಲ್ಲಿ. ಅದನ್ನು ಓದುವವರು ಕಾರ್ಯದರ್ಶಿ ಮತ್ತು ಆ ಪ್ರಕರಣದ ಹೊಣೆ ಹೊತ್ತ ಒಬ್ಬರು. ವಾಟ್ಸಾಪ್ ಗುಂಪಿನಲ್ಲಿ ಸಭೆಯ ದಿನಾಂಕ ಬಿಟ್ಟು ಬೇರೇನೂ ಹಾಕುವಂತಿಲ್ಲ; ಮಗುವಿನ ಫೋಟೊವಂತೂ, ಮುಖ ಮಸುಕು ಮಾಡಿದ್ದರೂ, ಬೇಡ. ಮಗುವಿನ ಗುರುತು ಬಯಲು ಮಾಡಿದವರಿಗೆ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಡಿ ಆರು ತಿಂಗಳವರೆಗೆ ಸಜೆ, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಹೊಸ ಸದಸ್ಯರು ಸೇರಿದ ದಿನವೇ ಈ ಕಲಮನ್ನು ಓದಿಸಿ ಸಹಿ ಪಡೆಯಿರಿ.

ಹಣ

ಸಮಿತಿ ನಗದು ಮುಟ್ಟದಿರುವುದೇ ಮೇಲು. ದಾನಿಗಳು ಬಂದರೆ ಪುಸ್ತಕ, ಸಮವಸ್ತ್ರ, ಕನ್ನಡಕದಂಥ ವಸ್ತುಗಳನ್ನು ನೇರವಾಗಿ ಶಾಲೆಗೋ ಅಂಗನವಾಡಿಗೋ ಕೊಡಿಸಿ ದಾಸ್ತಾನು ಪುಸ್ತಕದಲ್ಲಿ ಬರೆಸಿ. ಕೊಡುವಾಗ ಮಗುವನ್ನು ನಿಲ್ಲಿಸಿ ಫೋಟೊ ತೆಗೆಯುವ ಷರತ್ತಿಗೆ ಒಪ್ಪಬೇಡಿ. ನಿಧಿ ಬೇಕೇ ಬೇಕೆಂದಾದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ಬೇರೆಯದೇ ಸಂಘ ಮಾಡಿಕೊಂಡು, ಜಂಟಿ ಸಹಿಯ ಖಾತೆ, ರಸೀದಿ, ವಾರ್ಷಿಕ ಲೆಕ್ಕಪರಿಶೋಧನೆ ಇಟ್ಟುಕೊಳ್ಳಬೇಕು. ಸರ್ಕಾರಿ ಸಮಿತಿಯ ಹೆಸರಿನಲ್ಲಿ ಚಂದಾ ಎತ್ತುವುದು ಯಾವ ಕಾರಣಕ್ಕೂ ಸಲ್ಲದು.

ಕಚೇರಿಗಳೊಂದಿಗೆ ವ್ಯವಹಾರ

ಫೋನಿನಲ್ಲಿ ಹೇಳಿದ್ದು ಹೇಳಿದ್ದಲ್ಲ. ಯಾವ ಕಚೇರಿಗೆ ಏನೇ ಕೇಳಿದರೂ ಒಂದು ಪುಟದ ಪತ್ರ, ಅದರ ಎರಡನೆಯ ಪ್ರತಿಯ ಮೇಲೆ ಟಪಾಲಿನ ಸ್ವೀಕೃತಿ ಮುದ್ರೆ. ಪತ್ರದಲ್ಲಿ ಒಂದೇ ಬೇಡಿಕೆ ಇರಲಿ. ಅಂಗನವಾಡಿಯ ಸೋರುವ ಮಾಳಿಗೆಯನ್ನೂ ಶಾಲೆಯ ಶೌಚಾಲಯವನ್ನೂ ಒಂದೇ ಪತ್ರದಲ್ಲಿ ಬರೆದರೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅದನ್ನು ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿಗೆ), ಬಿಇಒ ಅದನ್ನು ಸಿಡಿಪಿಒಗೆ ಕಳುಹಿಸಿ ಇಬ್ಬರೂ ನಿಶ್ಚಿಂತರಾಗುತ್ತಾರೆ. ಹದಿನೈದು ದಿನಕ್ಕೆ ನೆನಪೋಲೆ, ತಿಂಗಳಿಗೆ ಜಿಲ್ಲಾ ಘಟಕಕ್ಕೆ ಪ್ರತಿ. ಆಮೇಲೂ ಕದಲದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ‘ನಮ್ಮ ಪತ್ರದ ಮೇಲೆ ಕೈಗೊಂಡ ಕ್ರಮವೇನು’ ಎಂದು ಕೇಳಿ, ಮೂವತ್ತು ದಿನ ಕಾಯಿರಿ. ರಾಜ್ಯ ಆಯೋಗಕ್ಕೆ ದೂರು ಒಯ್ಯುವುದು ಇಷ್ಟರ ನಂತರ. ಸ್ವೀಕೃತಿ ಮುದ್ರೆಗಳ ಸರಪಳಿ ಹಿಡಿದು ಹೋದ ದೂರಿಗೂ ಬರಿಗೈಯಲ್ಲಿ ಹೋದ ದೂರಿಗೂ ಇರುವ ವ್ಯತ್ಯಾಸವನ್ನು ಒಮ್ಮೆ ಹೋದವರಿಗೆ ಹೇಳಬೇಕಿಲ್ಲ. ಮಗುವಿನ ಜೀವಕ್ಕೆ ಅಪಾಯವಿರುವಲ್ಲಿ ಮಾತ್ರ ಈ ಮೆಟ್ಟಿಲುಗಳನ್ನು ಲೆಕ್ಕಿಸದೆ ನೇರವಾಗಿ ಮೇಲಕ್ಕೆ ಹೋಗಬಹುದು, ಹೋಗಬೇಕು.

ಒಂದು ಮಾತು ಅಧಿಕಾರಿಗಳ ಪರವಾಗಿಯೂ ಹೇಳಬೇಕು. ಅಂಗನವಾಡಿ ಮೇಲ್ವಿಚಾರಕಿಯೊಬ್ಬರ ತಲೆಯ ಮೇಲೆ ಇರುವ ಕೇಂದ್ರಗಳು, ಸಮೀಕ್ಷೆಗಳು, ಚುನಾವಣಾ ಕೆಲಸಗಳನ್ನು ಎಣಿಸಿದರೆ ನಮ್ಮ ಪತ್ರ ಯಾಕೆ ತಡವಾಯಿತೆಂದು ಅರ್ಥವಾಗುತ್ತದೆ. ಕೆಲಸವಾದಾಗಲೂ ಒಂದು ಪತ್ರ ಬರೆಯಿರಿ. ಆ ಕಚೇರಿಗಳಿಗೆ ಅಂಥ ಪತ್ರ ಬರುವುದು ಅಪರೂಪ.

ಕೊನೆಯ ಹೆಜ್ಜೆ: ಚಾರ್ಜ್ ವಹಿಸಿಕೊಡುವುದು

ಮೂರು ವರ್ಷ ಕಳೆದು ಹೊಸ ಸಮಿತಿ ಬಂದಾಗ ಹಳೆಯ ಸಮಿತಿಯ ನೆನಪೆಲ್ಲ ಒಬ್ಬ ಕಾರ್ಯದರ್ಶಿಯ ತಲೆಯಲ್ಲಿದ್ದರೆ, ಅರ್ಧದಲ್ಲಿರುವ ಮಕ್ಕಳೆಲ್ಲ ಮತ್ತೆ ಮೊದಲಿಗೆ ಬಂದು ನಿಲ್ಲುತ್ತಾರೆ. ಆದ್ದರಿಂದ ಹಳಬರು ಹೊಸಬರು ಕೂಡಿ ಒಂದು ಸಭೆ ಆಗಲೇಬೇಕು. ಆ ಸಭೆಯಲ್ಲಿ ಪ್ರಕರಣ ಪುಸ್ತಕದ ಬಾಕಿ ಸಂಖ್ಯೆಗಳನ್ನು ಒಂದೊಂದಾಗಿ ಓದಿ, ಪ್ರತಿಯೊಂದಕ್ಕೂ ಹೊಸ ಹೊಣೆಗಾರರ ಹೆಸರು ಬರೆದು, ಆ ಮನೆಗೆ ಹಳಬರು ಹೊಸಬರನ್ನು ಒಮ್ಮೆ ಕರೆದುಕೊಂಡು ಹೋಗಿ ಪರಿಚಯಿಸಬೇಕು. ಹದಿನೆಂಟು ತುಂಬಿದವರ, ಸಂಸಾರ ನೆಲೆಗೊಂಡವರ ಪುಟಗಳಿಗೆ ಮುಕ್ತಾಯದ ದಿನಾಂಕ ಹಾಕಿ ಇಬ್ಬರು ಸಹಿ ಮಾಡಲಿ. ನಾನು ಬೀರುವಿನ ಬೀಗದ ಕೈ ಒಪ್ಪಿಸಿದ ದಿನ ಪುಸ್ತಕದಲ್ಲಿ ಬಾಕಿ ಉಳಿದಿದ್ದವುಗಳಲ್ಲಿ ಒಂದು ನಮ್ಮ ಮೊದಲ ವರ್ಷದ್ದೇ ಆಗಿತ್ತು, ಖಾಲಿ ಮಾಡಿಕೊಂಡು ಹೋದ ಆ ಹುಡುಗಿಯದು. ಹೊಸ ಕಾರ್ಯದರ್ಶಿ ಅದನ್ನು ಮುಚ್ಚೋಣವೇ ಎಂದು ಕೇಳಿದರು. ಅವಳಿಗೆ ಹದಿನೆಂಟು ತುಂಬಲು ಇನ್ನೂ ಹದಿನಾಲ್ಕು ತಿಂಗಳಿದ್ದವು. ಅವರ ಹೆಸರನ್ನೇ ಹೊಣೆಗಾರರ ಅಂಕಣದಲ್ಲಿ ಬರೆದು, ಮುಂದಿನ ತಾರೀಕು ಹಾಕಿಸಿ ಬಂದೆ.